ವಿಎಂ ಡಿಸ್ಕ್: ಒಳಗೆ ಜಾಗ ಇದೆ, ಹೊರಗೆ ಇಲ್ಲ

ರಾತ್ರಿ ಹನ್ನೊಂದರ ಹೊತ್ತಿಗೆ ಒಂದು ದೊಡ್ಡ ಬಿಲ್ಡ್ (ಕೋಡನ್ನು ಓಡುವ ಪ್ರೋಗ್ರಾಂ ಮಾಡುವ ಕೆಲಸ) ಓಡುತ್ತಿತ್ತು. ಇದ್ದಕ್ಕಿದ್ದ ಹಾಗೆ ಅದು ಓಡುತ್ತಿದ್ದ ವಿಎಂ, ಅಂದರೆ ಲ್ಯಾಪ್‌ಟಾಪಿನೊಳಗೆ ಸಾಫ್ಟ್‌ವೇರ್ ಆಗಿಯೇ ಇರುವ ಇನ್ನೊಂದು ಕಂಪ್ಯೂಟರ್ (ವರ್ಚುವಲ್ ಮಷಿನ್), ನಿಂತಿತು. ಕ್ರ್ಯಾಶ್ ಅಲ್ಲ, ಒಳಗೆ ಎರರ್ ಕೂಡ ಇಲ್ಲ. ಸುಮ್ನೆ ನಿಂತಿತು. ಪರದೆಯ ಮೇಲೆ ‘ಪಾಸ್ಡ್’ ಅನ್ನುವ ಒಂದು ಪದ ಅಷ್ಟೇ. ಐದು ನಿಮಿಷ ಮೊದಲಷ್ಟೇ ಒಳಗೆ ಜಾಗದ ಲೆಕ್ಕ ಹೇಳುವ ಡಿಎಫ್ ಕಮಾಂಡ್ ಕೊಟ್ಟು ನೋಡಿದ್ದೆ. 100 ಜಿಬಿ ಡಿಸ್ಕಿನಲ್ಲಿ ಇನ್ನೂ 58 ಜಿಬಿ ಖಾಲಿ ಇತ್ತು. ಮತ್ತೇನು ತೊಂದರೆ ಅಂತ ತಲೆ ಕೆರೆದುಕೊಂಡು ಹೊರಗೆ ನೋಡಿದರೆ, ಲ್ಯಾಪ್‌ಟಾಪಿನ ಎಸ್‌ಎಸ್‌ಡಿ ಪೂರ್ತಿ ತುಂಬಿಹೋಗಿತ್ತು.

ವಿಎಂ ಡಿಸ್ಕಿನ ತಲೆನೋವುಗಳೆಲ್ಲ ಹೆಚ್ಚುಕಡಿಮೆ ಇದೇ ಜಾತಿಯವು. ಒಂದೇ ಡಿಸ್ಕನ್ನು ಇಬ್ಬರು ನೋಡುತ್ತಿರುತ್ತಾರೆ. ಒಳಗಿನ ಆಪರೇಟಿಂಗ್ ಸಿಸ್ಟಂ, ಅಂದರೆ ಗೆಸ್ಟ್, ಅದನ್ನು ನಿಜವಾದ ಹಾರ್ಡ್ ಡಿಸ್ಕ್ ಅಂತಲೇ ನಂಬಿರುತ್ತದೆ. ಹೊರಗಿನ ಯಂತ್ರಕ್ಕೆ, ಅಂದರೆ ಹೋಸ್ಟ್‌ಗೆ, ಅದು ಬರೀ ಒಂದು ದೊಡ್ಡ ಫೈಲ್. ಒಬ್ಬರ ಲೆಕ್ಕ ಇನ್ನೊಬ್ಬರಿಗೆ ತಾನಾಗಿ ಗೊತ್ತಾಗುವುದಿಲ್ಲ. ಗೊತ್ತುಮಾಡಿಸುವ ಕೆಲಸ ನಮ್ಮದು.

ಆ ಫೈಲ್ ಯಾವ ರೂಪದಲ್ಲಿರುತ್ತದೆ ಅನ್ನುವುದು ನೀವು ಬಳಸುವ ಸಾಫ್ಟ್‌ವೇರ್ ಮೇಲೆ ಹೋಗುತ್ತದೆ. ವರ್ಚುವಲ್‌ಬಾಕ್ಸ್‌ಗೆ ವಿಡಿಐ, ವಿಎಂವೇರ್‌ಗೆ ವಿಎಂಡಿಕೆ, ಹೈಪರ್-ವಿಗೆ ವಿಎಚ್‌ಡಿಎಕ್ಸ್, ಕ್ಯೂಇಎಂಯುಗೆ ಕ್ಯೂಕೌ2. ಹಳೆಯ ವಿಎಚ್‌ಡಿಗೆ 2 ಟಿಬಿ ಆಸುಪಾಸಿನಲ್ಲೇ ಮಿತಿ ಇತ್ತು, ವಿಎಚ್‌ಡಿಎಕ್ಸ್ 64 ಟಿಬಿವರೆಗೆ ಹೋಗುತ್ತದೆ. ಆದರೆ ಡೆವಲಪ್‌ಮೆಂಟ್ ಮಾಡುವವರಿಗೆ ಅಷ್ಟು ದೊಡ್ಡದು ಯಾರಿಗೆ ಬೇಕು? ಯಾವ ಸಾಫ್ಟ್‌ವೇರ್ ಬಳಸುತ್ತೀರೋ ಅದರ ಸ್ವಂತ ರೂಪವನ್ನೇ ಇಟ್ಟುಕೊಳ್ಳಿ. ಒಂದರಿಂದ ಇನ್ನೊಂದಕ್ಕೆ ಬದಲಾಯಿಸಬೇಕಾದರೆ ಕ್ಯೂಇಎಂಯು ಜೊತೆ ಬರುವ ಇಮೇಜ್ ಟೂಲ್ ಇವೆಲ್ಲವನ್ನೂ ಓದುತ್ತದೆ, ಬರೆಯುತ್ತದೆ.

ರೂಪಕ್ಕಿಂತ ಮುಖ್ಯವಾದ ಪ್ರಶ್ನೆ ಇನ್ನೊಂದಿದೆ. ಡಿಸ್ಕ್ ಮಾಡುವಾಗ ‘ಡೈನಾಮಿಕ್’ ಬೇಕೋ ‘ಫಿಕ್ಸ್‌ಡ್’ ಬೇಕೋ ಅಂತ ಕೇಳುತ್ತದಲ್ಲ, ಅದು. ಫಿಕ್ಸ್‌ಡ್ ಅಂದರೆ 100 ಜಿಬಿ ಕೇಳಿದ ಕೂಡಲೇ ಹೋಸ್ಟ್‌ನಲ್ಲಿ 100 ಜಿಬಿ ಜಾಗ ಹೋಯಿತು. ಡೈನಾಮಿಕ್ ಅಂದರೆ 100 ಜಿಬಿ ಅನ್ನುವುದು ಬರೀ ಮಾತು. ಶುರುವಿನಲ್ಲಿ ಫೈಲ್ ಕೆಲವೇ ಎಂಬಿ ಇರುತ್ತದೆ. ಗೆಸ್ಟ್ ಬರೆದ ಹಾಗೆಲ್ಲ ಬೆಳೆಯುತ್ತದೆ.

ಬೆಳೆಯುವುದು ಹೇಗೆ ಅಂತ ಸ್ವಲ್ಪ ಹತ್ತಿರದಿಂದ ನೋಡೋಣ. ಫೈಲಿನ ಆರಂಭದಲ್ಲಿ ಒಂದು ಪಟ್ಟಿ ಇರುತ್ತದೆ ಅಂದುಕೊಳ್ಳಿ. ಗೆಸ್ಟ್‌ನ ಇಂಥ ಬ್ಲಾಕ್ ಫೈಲಿನ ಇಂಥ ಜಾಗದಲ್ಲಿದೆ ಅಂತ ಅದರಲ್ಲಿ ಬರೆದಿರುತ್ತದೆ. ಗೆಸ್ಟ್ ಇದುವರೆಗೆ ಮುಟ್ಟದ ಜಾಗಕ್ಕೆ ಬರೆದರೆ, ಫೈಲಿನ ಕೊನೆಗೆ ಹೊಸ ಬ್ಲಾಕ್ ಸೇರುತ್ತದೆ, ಪಟ್ಟಿಯಲ್ಲಿ ಹೊಸ ಸಾಲು ಬೀಳುತ್ತದೆ. ವಿಡಿಐಯಲ್ಲಿ ಈ ಬ್ಲಾಕ್ 1 ಎಂಬಿ, ಕ್ಯೂಕೌ2ನಲ್ಲಿ ಸಾಮಾನ್ಯವಾಗಿ 64 ಕೆಬಿ. ಒಳಗೆ 4 ಕೆಬಿಯ ಪುಟ್ಟ ಫೈಲ್ ಬರೆದರೂ ಹೊರಗೆ ಒಂದು ಇಡೀ ಬ್ಲಾಕ್ ಹೋಗಬಹುದು.

ಡೆವಲಪ್‌ಮೆಂಟ್‌ಗೆ ನಾನು ಕಣ್ಣು ಮುಚ್ಚಿ ಡೈನಾಮಿಕ್ ಅನ್ನುತ್ತೇನೆ. ಎಸ್‌ಎಸ್‌ಡಿ ಮೇಲೆ ವೇಗದ ವ್ಯತ್ಯಾಸ ದಿನನಿತ್ಯದ ಕೆಲಸದಲ್ಲಿ ಗೊತ್ತೇ ಆಗುವುದಿಲ್ಲ. ಆದರೆ ಒಂದು ಲೆಕ್ಕ ಮಾತ್ರ ತಲೆಯಲ್ಲಿರಬೇಕು. 256 ಜಿಬಿ ಎಸ್‌ಎಸ್‌ಡಿ ಮೇಲೆ 100 ಜಿಬಿಯ ನಾಲ್ಕು ವಿಎಂ ಮಾಡಿದರೆ ಯಾರೂ ಬೇಡ ಅನ್ನುವುದಿಲ್ಲ. ಇಲ್ಲದ ಜಾಗವನ್ನು ನಾಲ್ಕು ಜನಕ್ಕೆ ಮಾತು ಕೊಟ್ಟ ಹಾಗೆ ಅದು. ನಾಲ್ವರೂ ಒಟ್ಟಿಗೆ ಬಂದು ಕೇಳುವ ದಿನದವರೆಗೆ ಎಲ್ಲ ಚೆನ್ನಾಗಿಯೇ ಇರುತ್ತದೆ.

ಅಳಿಸಿದರೂ ಫೈಲ್ ಇಳಿಯುವುದಿಲ್ಲ

ಮೊದಲ ಸಲ ನೋಡಿದವರಿಗೆ ಇದು ಮೋಸ ಅನ್ನಿಸುತ್ತದೆ. ಒಳಗೆ 30 ಜಿಬಿಯಷ್ಟು, ಆ್ಯಪ್ ಮತ್ತು ಅದಕ್ಕೆ ಬೇಕಾದ್ದೆಲ್ಲ ಕಟ್ಟಿಟ್ಟ ಹಳೆಯ ಕಂಟೇನರ್ ಇಮೇಜ್‌ಗಳನ್ನು ಅಳಿಸುತ್ತೀರಿ. ಡಿಎಫ್ ಕೂಡ 30 ಜಿಬಿ ಖಾಲಿಯಾಯಿತು ಅನ್ನುತ್ತದೆ. ಹೊರಗೆ ಬಂದು ನೋಡಿದರೆ ಡಿಸ್ಕ್ ಫೈಲ್ ಒಂದು ಎಂಬಿ ಕೂಡ ಇಳಿದಿಲ್ಲ.

ಕಾರಣ ಸರಳ. ಫೈಲ್ ಅಳಿಸುವುದು ಅಂದರೆ ಪರಿವಿಡಿಯಲ್ಲಿ ಹೆಸರು ಹೊಡೆದುಹಾಕಿದ ಹಾಗೆ. ಪುಟಗಳ ಮೇಲಿನ ಬರಹ ಹಾಗೇ ಇರುತ್ತದೆ. ಗೆಸ್ಟ್‌ಗೆ ಪರಿವಿಡಿ ಓದಲು ಬರುತ್ತದೆ, ಆ ಪುಟಗಳು ಖಾಲಿ ಅಂತ ಅದಕ್ಕೆ ಗೊತ್ತು. ಹೋಸ್ಟ್‌ಗೆ ಕಾಣುವುದು ಶಾಯಿ ಹತ್ತಿದ ಪುಟಗಳು ಮಾತ್ರ. ಯಾವುದು ಬೇಕು, ಯಾವುದು ಬೇಡ ಅಂತ ಅದು ಹೇಗೆ ತಾನೇ ಹೇಳೀತು?

ಹೇಳಿಸುವ ದಾರಿ ಎರಡಿವೆ. ಒಳ್ಳೆಯದು ಟ್ರಿಮ್. ಎಸ್‌ಎಸ್‌ಡಿಗಳಿಗಾಗಿ ಬಂದ ಏರ್ಪಾಡು ಇದು: ‘ಈ ಬ್ಲಾಕ್‌ಗಳು ನನಗೆ ಬೇಡ’ ಅಂತ ಫೈಲುಗಳ ಲೆಕ್ಕ ಇಡುವ ಫೈಲ್ ಸಿಸ್ಟಂ ಡಿಸ್ಕಿಗೆ ತಿಳಿಸುತ್ತದೆ. ವರ್ಚುವಲ್ ಡಿಸ್ಕಿನಲ್ಲೂ ಇದು ನಡೆಯುತ್ತದೆ, ಆದರೆ ಹೊರಗೆ ಡಿಸ್ಕ್ ಜೋಡಿಸುವಾಗ ‘ಡಿಸ್ಕಾರ್ಡ್’ ಆಯ್ಕೆ ಆನ್ ಮಾಡಿರಬೇಕು. ಆಮೇಲೆ ಒಳಗೆ ಎಫ್‌ಎಸ್‌ಟ್ರಿಮ್ ಕಮಾಂಡ್ ಓಡಿಸಿದರೆ ಹೊರಗೂ ಜಾಗ ಬಿಟ್ಟುಕೊಡುತ್ತದೆ. ಉಬುಂಟು ಲಿನಕ್ಸ್‌ನಲ್ಲಿ ಇದಕ್ಕೆ ವಾರಕ್ಕೊಮ್ಮೆ ಓಡುವ ಟೈಮರ್ ಮೊದಲಿಂದಲೇ ಇದೆ. ಹೊರಗಿನ ಬಾಗಿಲು ಮುಚ್ಚಿದ್ದರೆ ಅದು ವಾರ ವಾರ ಕೂಗಿಯೂ ಏನೂ ಪ್ರಯೋಜನವಿಲ್ಲ.

ಎರಡನೆಯದು ಹಳೆಯ ಒರಟು ದಾರಿ. ಒಳಗಿನ ಖಾಲಿ ಜಾಗಕ್ಕೆಲ್ಲ ಸೊನ್ನೆ ತುಂಬಿ, ವಿಎಂ ಆಫ್ ಮಾಡಿ, ಹೊರಗೆ ಕಂಪ್ಯಾಕ್ಟ್ ಕಮಾಂಡ್ ಓಡಿಸುವುದು. ಬರೀ ಸೊನ್ನೆ ಇರುವ ಬ್ಲಾಕ್‌ಗಳನ್ನು ಅದು ಕಿತ್ತುಹಾಕುತ್ತದೆ. ವರ್ಚುವಲ್‌ಬಾಕ್ಸ್‌ನ ವಿಡಿಐಗೆ ಇದು ಚೆನ್ನಾಗಿ ಕೆಲಸ ಮಾಡುತ್ತದೆ. ಆದರೆ ಸೊನ್ನೆ ತುಂಬುವಾಗ ಡಿಸ್ಕ್ ಫೈಲ್ ತನ್ನ ಪೂರ್ತಿ ಗಾತ್ರಕ್ಕೆ ಊದಿಕೊಳ್ಳಬಹುದು. ಹೋಸ್ಟ್‌ನಲ್ಲಿ ಜಾಗ ಇಲ್ಲದಿರುವಾಗ ಜಾಗ ಮಾಡಲು ಹೋಗಿ ಅದನ್ನೇ ತುಂಬಿಸುವ ಎಡವಟ್ಟು ಆಗುವುದು ಇಲ್ಲೇ. ಇನ್ನೊಂದು ವಿಷಯ. ಗೆಸ್ಟ್ ಒಳಗೆ ಡಿಸ್ಕ್ ಎನ್‌ಕ್ರಿಪ್ಟ್ ಆಗಿದ್ದರೆ ನೀವು ಬರೆದ ಸೊನ್ನೆ ಹೊರಗೆ ಸೊನ್ನೆಯಾಗಿ ಕಾಣುವುದಿಲ್ಲ, ಕಲಸುಮೇಲೋಗರವಾಗಿ ಕಾಣುತ್ತದೆ. ಆಗ ಈ ಉಪಾಯ ದಂಡ.

ವಿಂಡೋಸ್ ಮೇಲೆ ಲಿನಕ್ಸ್ ಓಡಿಸುವ ಡಬ್ಲ್ಯುಎಸ್‌ಎಲ್2 ಬಳಸುವವರು ತಮ್ಮದು ವಿಎಂ ಅಂತಲೇ ಮರೆತಿರುತ್ತಾರೆ. ಅದರ ಲಿನಕ್ಸ್ ಕೂಡ ಒಂದು ವಿಎಚ್‌ಡಿಎಕ್ಸ್ ಫೈಲಿನಲ್ಲೇ ಕೂತಿರುತ್ತದೆ. ಅದೂ ಬೆಳೆಯುತ್ತದೆ, ತಾನಾಗಿ ಇಳಿಯುವುದಿಲ್ಲ. ಮೊದಲು ಡಬ್ಲ್ಯುಎಸ್‌ಎಲ್ ಅನ್ನು ಪೂರ್ತಿ ಶಟ್‌ಡೌನ್ ಮಾಡಿ, ಆಮೇಲೆ ವಿಂಡೋಸ್‌ನ ಡಿಸ್ಕ್ ಟೂಲ್ ಆದ ಡಿಸ್ಕ್‌ಪಾರ್ಟ್‌ನಲ್ಲಿ ಆ ಫೈಲ್ ಆರಿಸಿ ಕಂಪ್ಯಾಕ್ಟ್ ಕೊಡಬೇಕು. ಮ್ಯಾಕ್‌ನಲ್ಲಿ ಕಂಟೇನರ್ ಓಡಿಸಲು ಡಾಕರ್ ಡೆಸ್ಕ್‌ಟಾಪ್ ಬಳಸುವವರ ಗಾಬರಿ ಇದಕ್ಕೆ ತಿರುವುಮುರುವು. ಡಿಸ್ಕ್ ಫೈಲು, ಪಟ್ಟಿ ತೋರಿಸುವ ಎಲ್‌ಎಸ್‌ ಕಮಾಂಡಿನಲ್ಲಿ ಭಯಂಕರ ದೊಡ್ಡದಾಗಿ ಕಾಣುತ್ತದೆ. ಆದರೆ ಅದು ನಡುವೆ ತೂತುಗಳಿರುವ, ಅಂದರೆ ಬರೆಯದ ಭಾಗಕ್ಕೆ ಜಾಗ ಹಿಡಿಯದ, ಫೈಲ್. ನಿಜವಾಗಿ ಎಷ್ಟು ತಿಂದಿದೆ ಅಂತ ಡಿಯು ಕಮಾಂಡ್ ಹೇಳುತ್ತದೆ. ಡಿಯು ಲೆಕ್ಕವನ್ನೇ ನಂಬಿ.

ದೊಡ್ಡದು ಮಾಡುವುದು: ಒಂದಲ್ಲ, ನಾಲ್ಕು ಹೆಜ್ಜೆ

20 ಜಿಬಿ ಕೊಟ್ಟು ಉಬುಂಟು ಸರ್ವರ್ ಹಾಕಿದಿರಿ, ಮಾಮೂಲಿ ಎಲ್‌ವಿಎಂ (ಡಿಸ್ಕಿನ ಜಾಗವನ್ನು ಬೇಕಾದ ಹಾಗೆ ಹಂಚುವ ಏರ್ಪಾಡು) ಆಯ್ಕೆಯನ್ನು ಹಾಗೇ ಬಿಟ್ಟಿರಿ. ಡಿಎಫ್ ನೋಡಿದರೆ ರೂಟ್‌ಗೆ, ಅಂದರೆ ಮುಖ್ಯ ಫೈಲ್ ಸಿಸ್ಟಂಗೆ, ಸಿಕ್ಕಿರುವುದು 10 ಜಿಬಿ ಆಸುಪಾಸು. ಉಳಿದದ್ದು ಎಲ್ಲಿ ಹೋಯಿತು ಅಂತ ಎಲ್ಲರೂ ಒಮ್ಮೆಯಾದರೂ ಕೇಳಿರುತ್ತಾರೆ. ಎಲ್ಲೂ ಹೋಗಿಲ್ಲ. ಆಮೇಲೆ ಬೇಕಾದ ಕಡೆ ಹಂಚಿಕೊಳ್ಳಲಿ ಅಂತ ಇನ್‌ಸ್ಟಾಲರ್ ಅದನ್ನು ಎತ್ತಿಟ್ಟಿರುತ್ತದೆ.

ಈಗ ಇದೇ ಡಿಸ್ಕನ್ನು 60 ಜಿಬಿ ಮಾಡೋಣ. ವಿಎಂ ಆಫ್ ಮಾಡಿ. ವರ್ಚುವಲ್‌ಬಾಕ್ಸ್‌ನ ಕಮಾಂಡಿನಲ್ಲಿ ಗಾತ್ರ ಎಂಬಿಯಲ್ಲಿ ಹೇಳಬೇಕು, ಹಾಗಾಗಿ 61440. ಕಿಟಕಿಯಲ್ಲೇ ಮಾಡುವವರಿಗೆ ಎಳೆಯುವ ಸ್ಲೈಡರ್ ಇದೆ. ವಿಎಂ ಮತ್ತೆ ಆನ್ ಮಾಡಿ ಡಿಎಫ್ ಕೊಟ್ಟರೆ? ಅದೇ 10 ಜಿಬಿ. ಬಹಳ ಜನ ಇಲ್ಲಿಗೆ ಕೈಚೆಲ್ಲಿ ಹೊಸ ವಿಎಂ ಮಾಡಲು ಹೊರಡುತ್ತಾರೆ.

ಡಿಎಫ್ ಬಿಟ್ಟು ಎಲ್‌ಎಸ್‌ಬಿಎಲ್‌ಕೆ ಕೊಡಿ. ಈಗ ಪದರ ಪದರವಾಗಿ ಕಾಣುತ್ತದೆ. ಡಿಸ್ಕ್ 60 ಜಿಬಿ ಆಗಿದೆ. ಅದರೊಳಗಿನ ಮೂರನೇ ಪಾರ್ಟಿಶನ್ (ಡಿಸ್ಕಿನ ಒಂದು ಭಾಗ) ಇನ್ನೂ 18 ಜಿಬಿಯಲ್ಲೇ ಇದೆ. ಅದರೊಳಗಿನ ಎಲ್‌ವಿಎಂ ಹಂಚಿಕೊಟ್ಟ ಲಾಜಿಕಲ್ ವಾಲ್ಯೂಮ್ 10 ಜಿಬಿ. ನಾವು ಹಿಗ್ಗಿಸಿದ್ದು ಹೊರಗಿನ ಪೆಟ್ಟಿಗೆ ಮಾತ್ರ, ಒಳಗಿನವು ತಮ್ಮ ಅಳತೆಯಲ್ಲೇ ಇವೆ. ಹೊರಗಿಂದ ಒಳಗೆ ಒಂದೊಂದಾಗಿ ಹಿಗ್ಗಿಸಬೇಕು.

ಮೊದಲು ಪಾರ್ಟಿಶನ್ ಹಿಗ್ಗಿಸುವ ಗ್ರೋಪಾರ್ಟ್. ಇದಕ್ಕೆ ಡಿಸ್ಕಿನ ಹೆಸರು ಮತ್ತು ಪಾರ್ಟಿಶನ್ ಸಂಖ್ಯೆಯನ್ನು ನಡುವೆ ಜಾಗ ಬಿಟ್ಟು ಕೊಡಬೇಕು. ಅಂಟಿಸಿ ಬರೆದು ಎರರ್ ತಿನ್ನುವುದು ಮಾಮೂಲಿ. ಡಿಸ್ಕಿನ ಪಾರ್ಟಿಶನ್ ಪಟ್ಟಿಯಾದ ಜಿಪಿಟಿ ತನ್ನ ಒಂದು ನಕಲನ್ನು ಡಿಸ್ಕಿನ ಕಟ್ಟಕಡೆಗೆ ಇಡುತ್ತದೆ. ಡಿಸ್ಕ್ ಬೆಳೆದ ಮೇಲೆ ಆ ನಕಲು ಮಧ್ಯದಲ್ಲಿ ಉಳಿದುಬಿಡುತ್ತದೆ, ಅದಕ್ಕೇ ಪಾರ್ಟಿಶನ್ ತೋರಿಸುವ ಎಫ್‌ಡಿಸ್ಕ್ ಕಮಾಂಡ್ ಗಾತ್ರ ಹೊಂದುತ್ತಿಲ್ಲ ಅಂತ ಎಚ್ಚರಿಸುತ್ತದೆ. ಗಾಬರಿ ಬೇಡ, ಗ್ರೋಪಾರ್ಟ್ ಅದನ್ನೂ ಸರಿಮಾಡುತ್ತದೆ. ಆಮೇಲೆ ಪಿವಿರೀಸೈಜ್, ಪಾರ್ಟಿಶನ್ ಬೆಳೆದಿದೆ ಅಂತ ಎಲ್‌ವಿಎಂಗೆ ತಿಳಿಸಲು. ಕೊನೆಗೆ ಲಾಜಿಕಲ್ ವಾಲ್ಯೂಮ್ ಹಿಗ್ಗಿಸುವ ಎಲ್‌ವಿಎಕ್ಸ್‌ಟೆಂಡ್. ಅದಕ್ಕೆ ಮೈನಸ್ ಆರ್ ಸೇರಿಸಿದರೆ ಫೈಲ್ ಸಿಸ್ಟಂ ಹಿಗ್ಗಿಸುವ ಕೆಲಸವನ್ನೂ ಅದೇ ಮುಗಿಸುತ್ತದೆ. ಇವೆಲ್ಲ ವಿಎಂ ಓಡುತ್ತಿರುವಾಗಲೇ ಆಗುತ್ತವೆ. ಹೊರಗೆ ಹಿಗ್ಗಿಸುವಾಗ, ಹಿಂದಿನ ಸ್ಥಿತಿಗೆ ಮರಳಲೆಂದು ತೆಗೆದ ಸ್ನ್ಯಾಪ್‌ಶಾಟ್‌ಗಳಿದ್ದರೆ ಮಾತ್ರ ಮೊದಲು ಅವನ್ನು ಕಳೆಯಿರಿ, ಇಲ್ಲದಿದ್ದರೆ ಮೂಲ ಡಿಸ್ಕ್ ಬೆಳೆದು, ನೀವು ಬಳಸುತ್ತಿರುವ ಪದರ ಹಳೆಯ ಗಾತ್ರದಲ್ಲೇ ಉಳಿಯುವ ಸಂಭವವಿದೆ.

ವಿಂಡೋಸ್ ಗೆಸ್ಟ್‌ನಲ್ಲಿ ಅಡ್ಡ ಬರುವುದು ರಿಕವರಿ ಪಾರ್ಟಿಶನ್. ಅದು ಸಾಮಾನ್ಯವಾಗಿ ಸಿ ಡ್ರೈವಿನ ಪಕ್ಕಕ್ಕೇ ಕೂತಿರುತ್ತದೆ. ಹೊಸ ಜಾಗ ಅದರಾಚೆ ಬರುವುದರಿಂದ ‘ಎಕ್ಸ್‌ಟೆಂಡ್’ ಬಟನ್ ಮಸುಕಾಗಿಯೇ ಇರುತ್ತದೆ. ರಿಕವರಿಯನ್ನು ಸರಿಸಿದ ಮೇಲಷ್ಟೇ ಸಿ ಹಿಗ್ಗುವುದು.

ಚಿಕ್ಕದು ಮಾಡುವ ಆಸೆಯನ್ನು ಮಾತ್ರ ಬಿಟ್ಟುಬಿಡಿ. ಲಿನಕ್ಸ್‌ನ ಫೈಲ್ ಸಿಸ್ಟಂಗಳಲ್ಲಿ ಎಕ್ಸ್‌ಟಿ4 ಅನ್ನು ಅನ್‌ಮೌಂಟ್ ಮಾಡಿ (ಬಳಕೆಯಿಂದ ಕಳಚಿ) ಕುಗ್ಗಿಸಬಹುದು, ಎಕ್ಸ್‌ಎಫ್‌ಎಸ್ ಬೆಳೆಯುವುದಕ್ಕಷ್ಟೇ ಒಪ್ಪುವ ಗಿರಾಕಿ. ಡೈನಾಮಿಕ್ ಡಿಸ್ಕ್ ಇರುವಾಗ ಹೊರ ಗಾತ್ರ ಕುಗ್ಗಿಸಿ ಗಳಿಸುವುದಾದರೂ ಏನು?

ಜಾಗ ಇದ್ದೂ ‘ಜಾಗ ಇಲ್ಲ’ ಅನ್ನುವ ಇನ್ನೊಂದು ಪ್ರಸಂಗವಿದೆ. ಡಿಎಫ್‌ಗೆ ಮೈನಸ್ ಐ ಸೇರಿಸಿ ನೋಡಿ. ಎಕ್ಸ್‌ಟಿ4 ಮಾಡುವಾಗ ಸಾಮಾನ್ಯವಾಗಿ 16 ಕೆಬಿಗೆ ಒಂದು ಇನೋಡ್ (ಫೈಲಿನ ವಿವರ ಬರೆದಿಡುವ ನಮೂದು) ಇಡುತ್ತಾರೆ. 20 ಜಿಬಿಗೆ ಸುಮಾರು 13 ಲಕ್ಷ. ಪ್ರತಿ ಫೈಲಿಗೂ ಒಂದು ಇನೋಡ್ ಬೇಕು. ಜಾವಾಸ್ಕ್ರಿಪ್ಟ್‌ನವರ, ಪುಟ್ಟ ಪುಟ್ಟ ಫೈಲುಗಳೇ ತುಂಬಿರುವ ನೋಡ್ ಮಾಡ್ಯೂಲ್ಸ್ ಫೋಲ್ಡರುಗಳು ಹತ್ತಾರು ಪ್ರಾಜೆಕ್ಟಿನಲ್ಲಿ ಹರಡಿಕೊಂಡಿದ್ದರೆ 13 ಲಕ್ಷ ಏನೂ ದೊಡ್ಡ ಮೊತ್ತವಲ್ಲ.

ಜೋಡಣೆ, ವೇಗ ಮತ್ತು ಒಂದು ಸುಳ್ಳು

ಕ್ಯೂಇಎಂಯು ಮೇಲೆ ಲಿನಕ್ಸ್ ಓಡಿಸುವವರು ಡಿಸ್ಕನ್ನು ವರ್ಟಿಯೋ ಮೂಲಕವೇ ಜೋಡಿಸಿ. ಐಡಿಇ, ಸಾಟಾ ಇವೆಲ್ಲ ನಿಜವಾದ ಹಾರ್ಡ್‌ವೇರಿನ ನಟನೆ. ನಟನೆಗೆ ಖರ್ಚು ಜಾಸ್ತಿ. ವರ್ಟಿಯೋ ‘ನಾನು ವಿಎಂ ಡಿಸ್ಕ್’ ಅಂತ ನೇರವಾಗಿ ಒಪ್ಪಿಕೊಂಡು ಕೆಲಸ ಮಾಡುತ್ತದೆ. ವಿಂಡೋಸ್ ಹಾಕುವಾಗ ಮಾತ್ರ ಅದರ ಡ್ರೈವರ್ ಬೇರೆ ಕೊಡಬೇಕು, ಇಲ್ಲದಿದ್ದರೆ ಇನ್‌ಸ್ಟಾಲರ್‌ಗೆ ಡಿಸ್ಕೇ ಕಾಣುವುದಿಲ್ಲ.

ಆಮೇಲೆ ಕ್ಯಾಶ್, ಅಂದರೆ ಡಿಸ್ಕಿಗೆ ಹೋಗುವ ಮುಂಚೆ ಬರಹವನ್ನು ಮೆಮೊರಿಯಲ್ಲಿ ಇಟ್ಟುಕೊಳ್ಳುವುದು. ಡೇಟಾಬೇಸ್ ಒಂದು ಟ್ರಾನ್ಸಾಕ್ಷನ್ ಮುಗಿಸುವಾಗ ‘ಇದು ನಿಜವಾಗಿಯೂ ಡಿಸ್ಕಿಗೆ ಹೋಯಿತಾ’ ಅಂತ ಕೇಳಿ ಕಾಯುತ್ತದೆ. ಈ ಕಾಯುವಿಕೆಯೇ ಟೆಸ್ಟ್‌ಗಳನ್ನು ನಿಧಾನ ಮಾಡುವುದು. ಕ್ಯೂಇಎಂಯುವಿನಲ್ಲಿ ‘ಅನ್‌ಸೇಫ್’ ಅನ್ನುವ ಕ್ಯಾಶ್ ಮೋಡ್ ಇದೆ. ಕೇಳಿದ್ದಕ್ಕೆಲ್ಲ ‘ಹೂಂ, ಹೋಯಿತು’ ಅಂತ ಸುಳ್ಳು ಹೇಳುತ್ತದೆ. ಟೆಸ್ಟ್ ಮುಗಿದ ಕೂಡಲೇ ಎಸೆಯುವ ವಿಎಂಗೆ ಈ ಸುಳ್ಳು ಅಡ್ಡಿಯಿಲ್ಲ, ಓಟ ಗಮನಾರ್ಹವಾಗಿ ಚುರುಕಾಗುತ್ತದೆ. ನೀವು ದಿನಾ ಕೆಲಸ ಮಾಡುವ ವಿಎಂಗೆ ಹಾಕಿ, ಲ್ಯಾಪ್‌ಟಾಪ್ ಕರೆಂಟ್ ಹೋಗಿ ಆಫ್ ಆದರೆ, ಫೈಲ್ ಸಿಸ್ಟಂ ಕೆಟ್ಟಿತು ಅಂತ ಯಾರನ್ನೂ ಬೈಯುವ ಹಾಗಿಲ್ಲ.

ಇಷ್ಟೆಲ್ಲ ತಿದ್ದಿದರೂ ಬಿಲ್ಡ್ ನಿಧಾನ ಅಂದರೆ ಕೋಡ್ ಎಲ್ಲಿದೆ ನೋಡಿ. ಹೋಸ್ಟ್‌ನ ಫೋಲ್ಡರ್ ಅನ್ನು ಶೇರ್ ಮಾಡಿ ಒಳಗಿಂದ ಬಿಲ್ಡ್ ಓಡಿಸುತ್ತಿದ್ದರೆ, ಪ್ರತಿ ಸಣ್ಣ ಫೈಲಿಗೂ ಒಳಗೆ ಹೊರಗೆ ಓಡಾಟ. ಡಬ್ಲ್ಯುಎಸ್‌ಎಲ್2ನಲ್ಲಿ ಸಿ ಡ್ರೈವಿನಲ್ಲಿರುವ ಪ್ರಾಜೆಕ್ಟ್ ತೆವಳುವುದೂ ಇದಕ್ಕೇ. ಕೋಡನ್ನು ಗೆಸ್ಟ್‌ನ ಸ್ವಂತ ಡಿಸ್ಕಿನಲ್ಲಿಟ್ಟು, ಎಡಿಟರ್ ಅನ್ನು ರಿಮೋಟ್ ಆಗಿ ಜೋಡಿಸಿಕೊಳ್ಳಿ. ನನ್ನ ಅನುಭವದಲ್ಲಿ ಇದೊಂದು ಬದಲಾವಣೆ ಉಳಿದೆಲ್ಲ ತಿದ್ದುಪಡಿಗಿಂತ ಜಾಸ್ತಿ ಫಲ ಕೊಟ್ಟಿದೆ.

ಸಾಧ್ಯವಾದರೆ ಡೇಟಾಗೆ ಬೇರೆಯೇ ಡಿಸ್ಕ್ ಇಡಿ. ಸಿಸ್ಟಂ ಒಂದರಲ್ಲಿ, ಡೇಟಾಬೇಸ್ ಮತ್ತು ಕಂಟೇನರ್ ಇಮೇಜ್‌ಗಳು ಇನ್ನೊಂದರಲ್ಲಿ. ಸಿಸ್ಟಂ ಹಾಳಾದರೆ ಅದನ್ನು ಎಸೆದು ಹೊಸದು ಮಾಡಿ, ಡೇಟಾ ಡಿಸ್ಕನ್ನು ಕಿತ್ತು ಅದಕ್ಕೆ ಸಿಕ್ಕಿಸಿದರಾಯಿತು. ಬೂಟ್ ಆಗುವಾಗ ಯಾವ ಡಿಸ್ಕ್ ಜೋಡಿಸಬೇಕು ಅಂತ ಬರೆದಿಡುವ ಎಫ್‌ಎಸ್‌ಟ್ಯಾಬ್‌ ಫೈಲಿನಲ್ಲಿ ಡಿಸ್ಕನ್ನು ಎಸ್‌ಡಿಬಿ ಅಂತ ಹೆಸರಿಸಬೇಡಿ, ಜೋಡಿಸಿದ ಕ್ರಮ ಬದಲಾದರೆ ಆ ಹೆಸರೂ ಬದಲಾಗುತ್ತದೆ. ಡಿಸ್ಕಿನ ಬದಲಾಗದ ಗುರುತಾದ ಯುಯುಐಡಿ ಬರೆಯಿರಿ. ಜೊತೆಗೆ ನೋಫೇಲ್ ಆಯ್ಕೆ ಸೇರಿಸಿ. ಇಲ್ಲದಿದ್ದರೆ ಡಿಸ್ಕ್ ಕಿತ್ತಿಟ್ಟ ದಿನ ವಿಎಂ ಬೂಟ್ ಆಗದೆ ಎಮರ್ಜೆನ್ಸಿ ಮೋಡಿನಲ್ಲಿ ಕೂರುತ್ತದೆ. ಎಕ್ಸ್‌ಟಿ4 ರೂಟ್ ಬಳಕೆದಾರರಿಗೆಂದು (ಸಿಸ್ಟಂ ಅಡ್ಮಿನ್‌ಗೆ) 5 ಶೇಕಡಾ ಜಾಗ ಎತ್ತಿಡುತ್ತದೆ, ಡೇಟಾ ಡಿಸ್ಕಿಗೆ ಅಷ್ಟು ಬೇಕಿಲ್ಲ. ಟ್ಯೂನ್2ಎಫ್‌ಎಸ್‌ನಿಂದ ಇಳಿಸಿ. ಕಮಾಂಡಿನಿಂದ ವಿಎಂ ಮಾಡಿಕೊಡುವ ವೇಗ್ರಂಟ್ ಬಳಸುವವರು ಒಂದು ನೆನಪಿಡಬೇಕು: ಡಿಸ್ಟ್ರಾಯ್ ಕೊಟ್ಟರೆ ಅದು ಮಾಡಿದ ವಿಎಂ ಜೊತೆ ಡಿಸ್ಕೂ ಹೋಗುತ್ತದೆ.

ಸ್ನ್ಯಾಪ್‌ಶಾಟ್ ಅಂದರೆ ನಕಲಲ್ಲ

ಸ್ನ್ಯಾಪ್‌ಶಾಟ್ ತೆಗೆದಾಗ ಡಿಸ್ಕಿನ ನಕಲಾಗುತ್ತದೆ ಅಂತ ತುಂಬಾ ಜನ ತಿಳಿದಿದ್ದಾರೆ. ಹಾಗಾಗುವುದಿಲ್ಲ. ಇದ್ದ ಫೈಲಿಗೆ ಬೀಗ ಬೀಳುತ್ತದೆ, ಮುಂದಿನ ಬರಹಕ್ಕೆಲ್ಲ ಹೊಸ ಖಾಲಿ ಫೈಲ್ ತೆರೆಯುತ್ತದೆ. ಹಳೆಯ ಪುಟದ ಮೇಲೆ ಪಾರದರ್ಶಕ ಹಾಳೆ ಇಟ್ಟು ಅದರ ಮೇಲೆ ಬರೆದ ಹಾಗೆ. ಓದುವಾಗ ಮೊದಲು ಮೇಲಿನ ಹಾಳೆ ನೋಡುತ್ತದೆ, ಅಲ್ಲಿಲ್ಲದಿದ್ದರೆ ಕೆಳಗಿನದು. ಇನ್ನೊಂದು ಸ್ನ್ಯಾಪ್‌ಶಾಟ್ ತೆಗೆದರೆ ಇನ್ನೊಂದು ಹಾಳೆ. ಹತ್ತು ಹಾಳೆ ಆದ ಮೇಲೆ ಓದುವುದಕ್ಕೂ ತಡ, ಪ್ರತಿ ಹಾಳೆಯೂ ಬೇರೆ ಬೇರೆಯಾಗಿ ಊದುತ್ತಿರುತ್ತದೆ. ಸರ್ವರ್‌ಗಳ ವಿಷಯದಲ್ಲಿ ವಿಎಂವೇರ್ ಕೊಡುವ ಸಲಹೆ ಏನು ಗೊತ್ತಾ? ಸರಪಳಿಯಲ್ಲಿ 2-3ಕ್ಕಿಂತ ಜಾಸ್ತಿ ಬೇಡ, ಒಂದನ್ನು 72 ಗಂಟೆಗಿಂತ ಹೆಚ್ಚು ಇಡಬೇಡಿ ಅಂತ. ನಮ್ಮಲ್ಲಿ ‘ಅಪ್‌ಗ್ರೇಡ್‌ಗೆ ಮುಂಚೆ’ ಅಂತ ಹೆಸರಿಟ್ಟ ಎರಡು ವರ್ಷ ಹಳೆಯ ಸ್ನ್ಯಾಪ್‌ಶಾಟ್‌ಗಳು ಎಷ್ಟಿಲ್ಲ, ಅಲ್ವಾ?

ಇದು ಬ್ಯಾಕಪ್ ಕೂಡ ಅಲ್ಲ. ಕೆಳಗಿನ ಫೈಲ್ ಹೋದರೆ ಮೇಲಿನ ಹಾಳೆಗಳೆಲ್ಲ ಅರ್ಥವಿಲ್ಲದ ಚೂರುಗಳು. ಬ್ಯಾಕಪ್ ಬೇಕಿದ್ದರೆ ವಿಎಂ ಆಫ್ ಮಾಡಿ ಡಿಸ್ಕನ್ನು ಪೂರ್ತಿಯಾಗಿ ಬೇರೆ ಕಡೆ ನಕಲು ಮಾಡಿ. ವರ್ಚುವಲ್‌ಬಾಕ್ಸ್‌ನಲ್ಲಿ ಅದರ ಕ್ಲೋನ್ ಕಮಾಂಡನ್ನೇ ಬಳಸಿ. ಸುಮ್ನೆ ಫೈಲ್ ಕಾಪಿ ಮಾಡಿ ಜೋಡಿಸಲು ಹೋದರೆ ಎರಡಕ್ಕೂ ಒಂದೇ ಯುಯುಐಡಿ ಇದೆ ಅಂತ ತಕರಾರು ತೆಗೆಯುತ್ತದೆ.

ಇದೇ ಹಾಳೆ ತಂತ್ರವನ್ನು ಒಳ್ಳೆಯದಕ್ಕೂ ಬಳಸಬಹುದು. ಎಲ್ಲ ಟೂಲ್ ಹಾಕಿದ ಒಂದು ಮೂಲ ಕ್ಯೂಕೌ2 ಡಿಸ್ಕ್ ಮಾಡಿ, ಅದರ ಮೇಲೆ ಪ್ರತಿ ಪ್ರಾಜೆಕ್ಟಿಗೂ ಒಂದೊಂದು ತೆಳು ಹಾಳೆ. ಕ್ಷಣದಲ್ಲಿ ಹೊಸ ವಿಎಂ ತಯಾರು, ಜಾಗವೂ ಉಳಿಯಿತು. ಷರತ್ತು ಒಂದೇ: ಮೂಲ ಡಿಸ್ಕನ್ನು ಮುಂದೆಂದೂ ಬೂಟ್ ಮಾಡಬಾರದು. ಒಮ್ಮೆ ಅಪ್‌ಡೇಟ್ ಮಾಡೋಣ ಅಂತ ತೆರೆದರೆ ಸಾಕು, ಮೇಲಿನ ಹಾಳೆಗಳೆಲ್ಲ ಕೆಟ್ಟ ಹಾಗೆ. ಆ ಫೈಲನ್ನು ರೀಡ್-ಓನ್ಲಿ ಮಾಡಿಡಿ.

ಆ ರಾತ್ರಿಗೆ ವಾಪಸ್ ಬರುತ್ತೇನೆ. ಎಸ್‌ಎಸ್‌ಡಿ ತುಂಬಿದೆ ಅಂತ ಗೊತ್ತಾದ ಕೂಡಲೇ ನಾನು ಹೋಗಿದ್ದು ಸ್ನ್ಯಾಪ್‌ಶಾಟ್ ಅಳಿಸಲು. ಅದು ಎರರ್ ಕೊಟ್ಟಿತು. ಸ್ನ್ಯಾಪ್‌ಶಾಟ್ ಅಳಿಸುವುದು ಅಂದರೆ ಎರಡು ಹಾಳೆಗಳನ್ನು ಒಂದು ಮಾಡುವುದು. ಒಂದು ಮಾಡುವಾಗ ಬರೆಯಬೇಕು, ಬರೆಯಲು ಜಾಗ ಬೇಕು. ಜಾಗವೇ ಇಲ್ಲ. ಫೈಲ್ ಮ್ಯಾನೇಜರಿನಲ್ಲಿ ಆ ಹಾಳೆಯ ಫೈಲನ್ನೇ ಹಿಡಿದು ಅಳಿಸಿಬಿಡೋಣ ಅಂತ ಒಂದು ಕ್ಷಣ ಅನ್ನಿಸಿತ್ತು. ಅಳಿಸಿದ್ದರೆ ಇಡೀ ಸರಪಳಿ ಹರಿಯುತ್ತಿತ್ತು. ಕೊನೆಗೆ ಡೌನ್‌ಲೋಡ್ಸ್ ಫೋಲ್ಡರಿನಲ್ಲಿದ್ದ ಮೂರು ಹಳೆಯ ಐಎಸ್‌ಒ (ಇನ್‌ಸ್ಟಾಲ್ ಡಿಸ್ಕಿನ) ಫೈಲ್ ತೆಗೆದೆ, ವೇಗ್ರಂಟ್‌ನ ಪ್ರೂನ್ ಕಮಾಂಡ್ ಓಡಿಸಿ ಹಳೆಯ ಬಾಕ್ಸ್‌ಗಳನ್ನೂ (ಹೊಸ ವಿಎಂ ಮಾಡಲು ಬಳಸುವ ಅಚ್ಚುಗಳು) ಕಳೆದೆ. ಹನ್ನೆರಡು ಜಿಬಿ ಸಿಕ್ಕಿತು. ನಿಂತಿದ್ದ ವಿಎಂ ಮೇಲೆ ರೆಸ್ಯೂಮ್ ಒತ್ತಿದೆ. ಮಧ್ಯದಲ್ಲಿ ಏನೂ ನಡೆದೇ ಇಲ್ಲ ಅನ್ನುವ ಹಾಗೆ ಬಿಲ್ಡ್ ನಿಂತ ಸಾಲಿನಿಂದಲೇ ಮುಂದೆ ಓಡಿತು.